ಹಗಲು ಹಚ್ಚಿದ ದೀಪ

ಹೋದ ತಿಂಗಳು ಹೊಲಿಯಲು ಕೊಟ್ಟಿದ್ದ ರವಿಕೆ ತರಲು ರಾಜಾಜಿನಗರಕ್ಕೆ ಹೋಗಿದ್ದೆ. ಕೆಂಗೇರಿ ಉಪನಗರದಲ್ಲಿ ಟೈಲರುಗಳಿಲ್ಲವೇ ಎಂದು ನನ್ನ ಗಂಡ ಪ್ರತಿ ಸಲವೂ ಕೇಳುತ್ತಾರೆ. ಬೇಕಾದಷ್ಟು ಜನ ಇದ್ದಾರೆ, ಆದರೆ ನನ್ನ ತೋಳಿನ ಅಳತೆ ಗೊತ್ತಿರುವುದು ಆ ಹಳೆಯ ಟೈಲರಿಗೆ ಮಾತ್ರ. ಆಷಾಢದ ಮಧ್ಯಾಹ್ನ. ಮಳೆ ಎನ್ನಲೂ ಆಗದ, ಇಲ್ಲ ಎನ್ನಲೂ ಆಗದ ಬೆಂಗಳೂರಿನ ಜಿಟಿಜಿಟಿ. ಅಂಗಡಿಯೊಳಗೆ ಕತ್ತಲಾಗಿತ್ತು. ಟೈಲರು ಗೋಡೆಯ ಸ್ವಿಚ್ಚು ಒತ್ತಿದರು. ಎಲ್ಲ ಕಡೆ ಎಲ್‌ಇಡಿ ಬಂದು ಇಷ್ಟು ವರ್ಷವಾದರೂ ಅವರಲ್ಲಿ ಹಳೇ ಕಾಲದ ಉದ್ದನೆಯ ಟ್ಯೂಬ್‌ಲೈಟೇ ಇತ್ತು. ಒಂದೆರಡು ಸಲ ಮಿಣುಕಿ ಹತ್ತಿಕೊಂಡಿತು. ಗುಂಯ್ ಎಂಬ ಸಣ್ಣ ಸದ್ದು. ಸ್ವಲ್ಪ ಹೊತ್ತಿಗೆ ಟ್ಯೂಬಿಗೆ ಕರೆಂಟು ಹಾಯಿಸುವ ಚೋಕ್ ಕಾದು, ಅದರ ಮೇಲೆ ಕೂತ ಧೂಳು ಬಿಸಿಯಾದ ವಾಸನೆ ಬಂತು.

ರವಿಕೆಯ ಹುಕ್ಕು ಎಳೆದು ನೋಡುತ್ತಿದ್ದವಳು ಅದನ್ನು ಹಾಗೇ ಕವರಿಗೆ ತುರುಕಿದೆ. ಟೈಲರು, "ಯಾಕಮ್ಮ, ಫಿಟಿಂಗ್ ಸರಿಯಾಗಿಲ್ವಾ?" ಎಂದರು. ಸರಿಯಾಗಿದೆ ಎಂದು ಹೇಳಿ, ಪ್ರಯತ್ನಪಟ್ಟು ನಕ್ಕು, ಕವರು ಕೈಲಿ ಹಿಡಿದು ಹೊರಗೆ ಬಂದು ಜಗುಲಿಯ ಮೇಲೆ ನಿಂತುಬಿಟ್ಟೆ. ಆ ವಾಸನೆ ಎಂದರೆ ನನಗೆ ಭಯ. ಮನೆಯಲ್ಲಿ ಯಾರಿಗೂ ಹೇಳಿಲ್ಲ, ಹೇಳಿದರೆ ನಗುತ್ತಾರೆ. ಯಾಕೆ ಭಯ ಎಂದು ಹೇಳಬೇಕಾದರೆ ಒಂದು ಮಳೆಗಾಲವನ್ನು ಪೂರ್ತಿ ಹೇಳಬೇಕಾಗುತ್ತದೆ.

ಎರಡು ಸಾವಿರದ ಇಸವಿ ಬಂದು ಕೆಲವು ವರ್ಷಗಳಾಗಿದ್ದವು. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ನಮ್ಮ ಮನೆ ರಾಜಾಜಿನಗರದ ಒಂದು ಬ್ಲಾಕಿನಲ್ಲಿ, ನೆಲಮಹಡಿ ಮಾತ್ರ ಇದ್ದ ಸಣ್ಣ ಮನೆ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮ ಅಜ್ಜಿ ಮತ್ತು ನಾನು. ಅಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದ. ಬೆಳಿಗ್ಗೆ ಸೈಕಲ್ ಹತ್ತಿ ಹೊರಟರೆ ಬೀದಿಯ ಕೊನೆಯವರೆಗೂ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡೇ ಹೋಗುತ್ತಿದ್ದ. ಮಾತಿನಮಲ್ಲ. ನನ್ನ ಜಡೆ, ಅಮ್ಮನ ಸಾರು, ಅಜ್ಜಿಯ ಬೊಚ್ಚುಬಾಯಿ, ಯಾವುದನ್ನೂ ಅವನು ಸುಮ್ಮನೆ ಬಿಟ್ಟವನಲ್ಲ.

ಆ ವರ್ಷದ ಬೇಸಿಗೆಯಲ್ಲಿ ಎರಡು ಸಂಗತಿಗಳು ನಡೆದವು. ಕಾರ್ಖಾನೆಯವರು ವಿಆರ್‌ಎಸ್ ಕೊಟ್ಟು ಅಪ್ಪನನ್ನು ಮನೆಗೆ ಕಳಿಸಿದರು. ಪಕ್ಕದ ಸೈಟಿನವರು ಹಳೆಯ ಹೆಂಚಿನ ಮನೆ ಕೆಡವಿ ಹಿಂದಿನ ವರ್ಷದಿಂದ ಕಟ್ಟುತ್ತಿದ್ದ ಮೂರಂತಸ್ತು ಮುಗಿಸಿದರು. ನಮ್ಮ ನಡುಮನೆಗೆ ಇದ್ದದ್ದು ಒಂದೇ ಕಿಟಕಿ. ಕೈ ಹೊರಗೆ ಚಾಚಿದರೆ ಅವರ ಸಿಮೆಂಟು ಗೋಡೆ ತಗಲುವಷ್ಟು ಹತ್ತಿರಕ್ಕೆ ಬಂತು. ಅಮ್ಮ ಸಾಕಷ್ಟು ಜಗಳವಾಡಿದಳು. ಅವರು ಗೃಹಪ್ರವೇಶಕ್ಕೆ ಕರೆದು ಊಟ ಹಾಕಿ ಕಳಿಸಿದರು. ಅಷ್ಟಕ್ಕೇ ಅದು ಮುಗಿಯಿತು.

ಇನ್ನು ತಾತನ ವಿಷಯ. ಅವನನ್ನು ನಾನು ನೋಡಿಲ್ಲ. ನಮ್ಮವರ ಊರು ಮಲ್ಲತ್ತಹಳ್ಳಿ. ಈಗ ಅದು ಬಡಾವಣೆ, ಆಗ ಕೆರೆ, ರಾಗಿ ಹೊಲ, ನಾಲ್ಕಾರು ಬೀದಿಯ ಹಳ್ಳಿ. ಅಪ್ಪ ಪ್ರೈಮರಿ ಸ್ಕೂಲಿನಲ್ಲಿದ್ದಾಗ, ಚಿಕ್ಕಪ್ಪ ಇನ್ನೂ ಕಂಕುಳ ಕೂಸಾಗಿದ್ದಾಗ, ತಾತ ಒಂದು ಮಳೆಗಾಲ ಮಾತು ಬಿಟ್ಟು ಚಾಪೆ ಹಿಡಿದನಂತೆ. ಒಂದು ಬೆಳಿಗ್ಗೆ ಎದ್ದು ಕೆರೆಯ ಕಡೆ ಹೋದವನು ತಿರುಗಿ ಬರಲಿಲ್ಲ. ಊರವರು ನೀರಿನಿಂದ ಎತ್ತಿ ತಂದರು. ಅಜ್ಜಿಗೆ ಇದರ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಹಿಂದಿನ ವರ್ಷ ತೀರಿಕೊಂಡಿದ್ದ ತಾತನ ತಾಯಿ ಬಂದು ಮಗನನ್ನು ಕರೆದಳು, ಅವನು ಹೋದ. "ಅವ್ರು ನಮ್ಮನ್ನ ಬಿಟ್ಟು ಹೋಗ್ಲಿಲ್ಲ ಕಣವ್ವ. ಅವರವ್ವ ಕೂಗುದ್ಲು. ಹೆತ್ತೋಳು ಕೂಗುದ್ರೆ ಯಾರು ತಡಿಯಕ್ಕಾಯ್ತದೆ?" ಎಂದು ಯಾರ ಮೇಲೂ ಸಿಟ್ಟಿಲ್ಲದೆ ಹೇಳುತ್ತಿದ್ದಳು. ಆ ಮಾತನ್ನು ಹಿಡಿದುಕೊಂಡೇ ಅವಳು ಇಬ್ಬರು ಗಂಡುಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ್ದಳು.

ಅಪ್ಪನಿಗೂ ಪ್ರತಿ ವರ್ಷ ಆಷಾಢ ಬಂತೆಂದರೆ ಸ್ವಲ್ಪ ಮಂಕು ಕವಿಯುತ್ತಿತ್ತು. ಮಾತು ಕಮ್ಮಿ, ನಿದ್ದೆ ಜಾಸ್ತಿ. ಹೇಗೋ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗಿ ಬರುತ್ತಿದ್ದ. ಭಾದ್ರಪದದ ಕೊನೆಗೆ ಪಿತೃಪಕ್ಷದಲ್ಲಿ ಅಜ್ಜಿ ತಾತನಿಗೆ ಎಡೆ ಇಟ್ಟಳೆಂದರೆ ಕೆಲವೇ ದಿನಗಳಲ್ಲಿ ಅಪ್ಪನ ಮುಖ ತಿಳಿಯಾಗುತ್ತಿತ್ತು. ದೀಪಾವಳಿ ಹೊತ್ತಿಗೆ ಮತ್ತೆ ನನ್ನ ಜಡೆ ಎಳೆಯಲು ಶುರು. ತಾತ ಬಂದು ಮಗನ ಸುತ್ತ ಸುಳಿದಾಡುತ್ತಾನೆ, ಹೊಟ್ಟೆ ತುಂಬಿದ ಮೇಲೆ ಬಿಟ್ಟು ಹೋಗುತ್ತಾನೆ ಎಂಬುದು ಅಜ್ಜಿಯ ಲೆಕ್ಕ. ಆ ಹೊತ್ತಿಗೆ ಮಳೆಯೂ ಹಿಂದೆಗೆಯುತ್ತದೆ, ಬಿಸಿಲು ಬೀಳುತ್ತದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆ ವರ್ಷ ಆಷಾಢದ ಮೋಡ ಒಂದು ಸಲ ಕವಿದದ್ದು ಸರಿಯಲೇ ಇಲ್ಲ. ಬಟ್ಟೆ ಒಣಗಲಿಲ್ಲ. ನಡುಮನೆಯಲ್ಲಿ ಹಗಲು ಹೊತ್ತಿನಲ್ಲೇ ಎದುರಿಗಿದ್ದವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅಪ್ಪ ಅಲ್ಲಿಯೇ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಬೆಳಿಗ್ಗೆ ಎಬ್ಬಿಸಿದರೆ ಏಳುತ್ತಿರಲಿಲ್ಲ. ಎದ್ದರೆ ಬೇಕರಿಯ ಬನ್ನು, ಅನ್ನ, ಬೆಲ್ಲ, ಕೈಗೆ ಸಿಕ್ಕಿದ್ದನ್ನು ರುಚಿಯಿಲ್ಲದೆ ತಿಂದು ಮತ್ತೆ ಮಲಗುತ್ತಿದ್ದ. ನಾನು ಕಾಲೇಜಿನಿಂದ ಬಂದು, "ಅಪ್ಪ, ನೋಡು, ಜಡೆ ಹಾಕ್ಕೊಂಡಿದೀನಿ" ಎಂದು ಮುಂದೆ ನಿಂತರೆ ನನ್ನನ್ನು ನೋಡುತ್ತಿದ್ದ, ಅಷ್ಟೆ. ಕಣ್ಣು ನನ್ನ ಮೇಲಿತ್ತು, ಅವನು ಅಲ್ಲಿರಲಿಲ್ಲ. ನನಗೆ ಆಗ ಅವನ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟಿನ ಕೆಳಗೆ ಹೆದರಿಕೆ.

ಅಜ್ಜಿ ಬಾಗಿಲ ಬಳಿ ಕೂತು ಒಂದೇ ಮಾತು ಹೇಳುತ್ತಿದ್ದಳು. "ಅವ್ರು ಬಂದವ್ರೆ. ಈ ಸಲ ಕರ್ಕೊಂಡೇ ಹೋಗ್ತಾರೆ."

ಅಮ್ಮ ರೇಗುತ್ತಿದ್ದಳು. "ಅತ್ತೆ, ನಿಮ್ ಬಾಯಲ್ಲಿ ಅದೇನು ಮಾತು ಅಂತ ಆಡ್ತೀರ? ಒಳಗೆ ಅವರಿಗೆ ಕೇಳ್ಸುತ್ತೆ."

"ಕೇಳ್ಸಲಿ ಅಂತ್ಲೇ ಹೇಳ್ತಿರಾದು. ಅವ್ನಿಗಲ್ಲ, ಅವ್ರಿಗೆ. ಒಬ್ಬರು ಹೋಗಿದ್ದು ಸಾಕು ಅಂತ."

ಒಬ್ಬಳೇ ನಡುಮನೆ ದಾಟಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ನಾನು ಓದಿದವಳು, ದೆವ್ವ ಭೂತ ನಂಬುವವಳಲ್ಲ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆದರೆ ಅಡುಗೆಮನೆಗೆ ಹೋಗಬೇಕಾದರೆ ಅಪ್ಪನ ಮಂಚದ ಕಾಲಬದಿಯ ಕತ್ತಲು ಮೂಲೆಯನ್ನು ನೋಡದೆ ಬೇಗ ಬೇಗ ಹೋಗುತ್ತಿದ್ದೆ. ಅಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತಿದ್ದಾರೆ ಎಂದು ಅನ್ನಿಸುತ್ತಿತ್ತು. ಅಪ್ಪ ಗೋಡೆಯ ಕಡೆ ತಿರುಗಿ ಮಲಗುವುದು ಅವರನ್ನು ನೋಡಬಾರದೆಂದೋ, ಅವರ ಮಾತು ಕೇಳಿಸಿಕೊಳ್ಳುವುದಕ್ಕೋ ಎಂದು ಯೋಚಿಸುತ್ತಿದ್ದೆ.

ಕೊನೆಗೆ ಚಿಕ್ಕಪ್ಪ ಬಂದ. ಬಸವೇಶ್ವರನಗರದಲ್ಲಿ ಅವನದೊಂದು ಎಲೆಕ್ಟ್ರಿಕಲ್ ಅಂಗಡಿ, ಮದುವೆ ಮನೆಗಳಿಗೆ ಸೀರಿಯಲ್ ಸೆಟ್ ಕಟ್ಟುವ ಕೆಲಸವನ್ನೂ ಮಾಡುತ್ತಿದ್ದ. ಅಣ್ಣನ ಗಡ್ಡ ನೋಡಿ ಅವನ ಕಣ್ಣು ತುಂಬಿತು. ರಕ್ತ ಪರೀಕ್ಷೆ, ಥೈರಾಯ್ಡು ಎಲ್ಲ ಮಾಡಿಸಿದೆವು. ಎಲ್ಲ ಸರಿಯಾಗಿತ್ತು. ಮನಸ್ಸಿನ ಡಾಕ್ಟರ ಹತ್ತಿರ ತೋರಿಸಿ ಎಂದು ಆಸ್ಪತ್ರೆಯವರು ಹೇಳಿದರು. "ನಾನೇನು ಹುಚ್ಚನಾ?" ಎಂದು ಅಪ್ಪ ಕೇಳಿದ್ದು ಆ ತಿಂಗಳಿನಲ್ಲಿ ಅವನು ಆಡಿದ ಅತಿ ಉದ್ದದ ಮಾತು.

ಡಾಕ್ಟರು ನಡುವಯಸ್ಸಿನ ಹೆಂಗಸು, ನಿಧಾನವಾಗಿ ಮಾತಾಡುವವರು. ಅಪ್ಪನನ್ನು ಕೇಳುವುದನ್ನು ಕೇಳಿ, ಆಮೇಲೆ ನಮ್ಮನ್ನು ಕೇಳಿದರು. ಯಾವ ತಿಂಗಳಲ್ಲಿ ಶುರುವಾಗುತ್ತೆ, ಯಾವಾಗ ಸರಿಹೋಗುತ್ತೆ, ಎಷ್ಟು ವರ್ಷದಿಂದ, ವಂಶದಲ್ಲಿ ಯಾರಿಗಾದರೂ ಇತ್ತೇ. ಚಿಕ್ಕಪ್ಪ ತಾತನ ವಿಷಯ ಹೇಳಿದ. ಅವರು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು.

"ಬೆಳಕು ಕಮ್ಮಿಯಾದಾಗ ಕವಿಯೋ ಈ ಖಿನ್ನತೆ ಚಳಿ ದೇಶದವರ ಕಾಯಿಲೆ, ನಮ್ಮಲ್ಲಿ ಬರಲ್ಲ ಅಂತ ತುಂಬ ಜನ ಅಂದ್ಕೊಂಡಿದಾರೆ," ಎಂದರು. "ಅಲ್ಲಿ ಚಳಿಗಾಲದಲ್ಲಿ ಹಗಲೇ ಇರಲ್ಲ, ಅದಕ್ಕೆ ಅಲ್ಲಿ ಜಾಸ್ತಿ. ನಮ್ಮಲ್ಲಿ ಅಪರೂಪ. ಆದರೆ ಮಳೆ ಮೋಡದ ಜೊತೆ ಬಂದು ಬಿಸಿಲಿನ ಜೊತೆ ಹೋಗೋರನ್ನ ನಾನು ನೋಡಿದೀನಿ. ಮೆದುಳಲ್ಲಿ ಸೆರೊಟೋನಿನ್ ಅಂತ ಒಂದು ಪದಾರ್ಥ ಇದೆ. ಒಂದು ನರದ ತುದಿಯಿಂದ ಇನ್ನೊಂದಕ್ಕೆ ಸುದ್ದಿ ದಾಟಿಸೋದು ಅದರ ಕೆಲಸ. ದಾಟಿಸಿದ ಮೇಲೆ ಅದನ್ನ ವಾಪಸ್ ಎಳ್ಕೊಳ್ಳೋ ಏರ್ಪಾಡೂ ಇದೆ. ಕೆಲವರಿಗೆ ಬೆಳಕು ಕಮ್ಮಿಯಾದ ತಿಂಗಳಲ್ಲಿ ಆ ಎಳ್ಕೊಳ್ಳೋದು ಜಾಸ್ತಿಯಾಗುತ್ತೆ ಅಂತಾರೆ. ಸುದ್ದಿ ಸರಿಯಾಗಿ ದಾಟಲ್ಲ. ಆಗ ಎದ್ದೇಳೋದು, ಮಾತಾಡೋದು, ಮಗಳನ್ನ ನೋಡಿ ನಗೋದು, ಎಲ್ಲ ಭಾರ ಆಗುತ್ತೆ. ಇದರಲ್ಲಿ ನಮಗೆ ಗೊತ್ತಿಲ್ಲದ್ದೂ ಬೇಕಾದಷ್ಟಿದೆ."

ಮಾತ್ರೆ ಬರೆದುಕೊಟ್ಟರು. ಅದು ಕೆಲಸ ಶುರುಮಾಡಲು ವಾರಗಳು ಬೇಕು ಎಂದರು. ಇನ್ನೊಂದು ಉಪಾಯ ಬೆಳಕು. ಜೋರಾದ ಬಿಳಿ ಬೆಳಕಿನ ಮುಂದೆ ದಿನವೂ ಅರ್ಧ ಗಂಟೆ ಕೂರಿಸಬೇಕು. ಹೊರದೇಶದಲ್ಲಿ ಅದಕ್ಕೆಂದೇ ಪೆಟ್ಟಿಗೆ ಸಿಗುತ್ತದೆ, ಇಲ್ಲಿ ಸಿಗುವುದು ಕಷ್ಟ. ಚಿಕ್ಕಪ್ಪ, "ಮೇಡಂ, ಲೈಟಿನ ವಿಷಯ ನನಗೆ ಬಿಡಿ" ಎಂದ. ಎಷ್ಟು ಬೆಳಕು, ಎಷ್ಟು ದೂರ ಎಂದು ಅವರು ಹೇಳಿದ್ದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡ. ಬೆಳಿಗ್ಗೆ ಎದ್ದ ಕೂಡಲೇ ಕೂರಿಸಿ ಎಂದೂ ಅವರು ಹೇಳಿದ್ದರು. ಅದು ನಮ್ಮ ಕಿವಿಗೆ ಬಿದ್ದಿತ್ತು, ಮುಖ್ಯವೆಂದು ಅನ್ನಿಸಿರಲಿಲ್ಲ.

ಚಿಕ್ಕಪ್ಪ ಅಂಗಡಿಯಲ್ಲೇ ಪೆಟ್ಟಿಗೆ ಮಾಡಿದ. ಪ್ಲೈವುಡ್ಡಿನ ಚೌಕಟ್ಟು, ಒಳಗೆ ಬಿಳಿ ಬಣ್ಣ, ಒತ್ತೊತ್ತಾಗಿ ಟ್ಯೂಬ್‌ಲೈಟುಗಳು, ಮುಂದೆ ಹಾಲುಬಿಳುಪಿನ ತೆಳು ಪ್ಲಾಸ್ಟಿಕ್ ಹಾಳೆ. ಕೆಳಗೆ ಸಾಲಾಗಿ ಚೋಕುಗಳು. ಮರದ ಬಾಗಿಲಿನಷ್ಟೇ ಭಾರ. ಆಟೊದಲ್ಲಿ ತಂದು ನಡುಮನೆಯಲ್ಲಿ ಇಳಿಸಿ ಮರುದಿನ ಬೆಳಿಗ್ಗೆ ಹಚ್ಚಲು ಹೋದಾಗ ಅಜ್ಜಿ ಅಡ್ಡ ನಿಂತಳು.

"ಸೂರ್ಯ ಹುಟ್ಟಿದ ಮೇಲೆ ಮನೇಲಿ ದೀಪ ಉರಿಸ್ತೀರಾ? ಹಾಡುಹಗಲಲ್ಲಿ ದೀಪ ಉರಿಯಾದು ಹೆಣ ಇಟ್ಟಿರೋ ಮನೇಲಿ."

ಆ ಮಾತಿಗೆ ಅಮ್ಮ ಸ್ವಿಚ್ಚಿನ ಬಳಿಯಿಂದ ಹಿಂದೆ ಸರಿದಳು. ಹೆಣದ ತಲೆಯ ಬಳಿ ಹಗಲೂ ದೀಪ ಇಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುವಾಗ ಅವನ ತಲೆಯ ಬಳಿ ಹಗಲಲ್ಲಿ ದೀಪ ಇಡುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಚಿಕ್ಕಪ್ಪನೂ ಕೈ ಹಿಂದೆ ತೆಗೆದ. ಕೊನೆಗೆ ಅಜ್ಜಿಯೇ ದಾರಿ ತೋರಿಸಿದಳು. "ದೀಪ ಹಚ್ಚೋ ಹೊತ್ತಲ್ಲಿ ಹಚ್ಚಿ. ಬ್ಯಾಡ ಅಂದೋರ್ಯಾರು?" ನಮಗೆಲ್ಲ ಅದು ಸರಿಯೆನ್ನಿಸಿತು. ಬೆಳಕು ಬೆಳಕೇ ತಾನೆ, ಬೆಳಿಗ್ಗೆಯಾದರೇನು, ಮುಚ್ಚಂಜೆಯಾದರೇನು?

ಹೀಗೆ ದಿನಾ ಸಂಜೆ ಅಮ್ಮ ದೇವರ ಮುಂದೆ ದೀಪ ಹಚ್ಚಿ, ಬಂದು ಪೆಟ್ಟಿಗೆಯ ಸ್ವಿಚ್ಚು ಹಾಕುತ್ತಿದ್ದಳು. ಟ್ಯೂಬುಗಳು ಒಂದೊಂದಾಗಿ ಮಿಣುಕಿ ಹತ್ತಿ ನಡುಮನೆ ಮದುವೆ ಛತ್ರವಾಗುತ್ತಿತ್ತು. ಸಂಜೆ ಲೈಟು ಹಾಕಿದಾಗ ಕೈ ಮುಗಿಯುವುದು ನಮ್ಮ ಮನೆಯ ರೂಢಿ. ಅಜ್ಜಿ, ಅಮ್ಮ, ನಾನು ಮೂವರೂ ಆ ಪೆಟ್ಟಿಗೆಗೆ ಕೈ ಮುಗಿಯುತ್ತಿದ್ದೆವು. ಪೆಟ್ಟಿಗೆಯ ಮುಂದೆ ಕುರ್ಚಿಯಲ್ಲಿ ಕೂತ ಅಪ್ಪನಿಗೇ ಮುಗಿದ ಹಾಗೆ ಕಾಣುತ್ತಿತ್ತು. ಚೋಕುಗಳ ಗುಂಯ್ ಸದ್ದು, ಕಾದ ಧೂಳಿನ ವಾಸನೆ, ಮಳೆಹುಳುಗಳು. ಆ ಬಿಳಿ ಬೆಳಕಲ್ಲಿ ಅಪ್ಪನ ಮುಖ ಹೇಗೆ ಕಾಣುತ್ತಿತ್ತೆಂದರೆ ನಾನು ಕೈ ಮುಗಿದು ಕಣ್ಣು ಮುಚ್ಚಿಕೊಂಡವಳು ತೆರೆಯುತ್ತಲೇ ಇರಲಿಲ್ಲ.

ಮೊದಲ ವಾರ ಅವನ ನಿದ್ದೆ ಕಮ್ಮಿಯಾಯಿತು. ನಾವು ಸಂತೋಷಪಟ್ಟೆವು. ಅಮ್ಮ ಫೋನಿನಲ್ಲಿ ಚಿಕ್ಕಪ್ಪನಿಗೆ, "ಮಲಗ್ತಾನೇ ಇಲ್ಲ ಕಣಪ್ಪ, ಎದ್ದು ಓಡಾಡ್ತಾರೆ" ಎಂದು ಹೇಳುವಾಗ ಅವಳ ದನಿಯಲ್ಲಿ ಹಬ್ಬವಿತ್ತು. ಆಮೇಲೆ ಅವನು ರಾತ್ರಿಯಿಡೀ ಮಲಗುವುದನ್ನೇ ಬಿಟ್ಟ. ಹಗಲಲ್ಲಿ ಎದ್ದಿರುವುದಕ್ಕೆ ಆಗುತ್ತಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಯಿತು. ಮುಂಚೆ ಅವನ ಮುಖದಲ್ಲಿ ಬರೀ ಮಂಕಿತ್ತು. ಈಗ ಅದರ ಜೊತೆಗೆ ಏನೋ ಒಂದು ತೀರ್ಮಾನ ಬಂದು ಕೂತ ಹಾಗಿತ್ತು. ಅಜ್ಜಿ ಬಾಗಿಲ ಬಳಿಯಿಂದ ಏಳುವುದನ್ನೇ ಬಿಟ್ಟಳು, ಊಟವೂ ಅಲ್ಲೇ.

ಗೌರಿ ಹಬ್ಬಕ್ಕೆ ಇನ್ನೇನು ಕೆಲವೇ ದಿನ. ಒಂದು ಬೆಳಿಗ್ಗೆ ಅಮ್ಮನ ಕೂಗಿಗೆ ಎಚ್ಚರವಾಯಿತು. ಬಾಗಿಲು ತೆರೆದಿತ್ತು. ಹೊಸ್ತಿಲ ಪಕ್ಕ ಗೋಡೆಗೊರಗಿ ಅಜ್ಜಿ ತೂಕಡಿಸುತ್ತಿದ್ದಳು. ಮಂಚ ಖಾಲಿ. ಚಪ್ಪಲಿ ಅಲ್ಲೇ ಇತ್ತು. ಅಪ್ಪ ತಾಯಿಯ ಕಾಲು ದಾಟಿಕೊಂಡು ಬರಿಗಾಲಲ್ಲಿ ಹೊರಟುಹೋಗಿದ್ದ.

ಅಜ್ಜಿ ಎಚ್ಚರಗೊಂಡು ಖಾಲಿ ಮಂಚ ನೋಡಿದಳು. ಅಳಲಿಲ್ಲ. "ಕೆರೆತಾವ ನೋಡಿ" ಎಂದಳು, ಅಷ್ಟೆ.

ಚಿಕ್ಕಪ್ಪ ಸ್ಕೂಟರು ತಂದ. ನಾನು ಹಿಂದೆ ಹತ್ತಿದೆ. ಅಮ್ಮ ಅಜ್ಜಿಯ ಬಳಿ ಉಳಿದಳು. ವಿಜಯನಗರ, ನಾಗರಭಾವಿ, ಹಾಲಿನ ಬೂತುಗಳ ಮುಂದೆ ಜನ, ಸ್ಕೂಲ್ ವ್ಯಾನುಗಳು, ತುಂತುರು. ಜಗತ್ತು ಎಂದಿನಂತೆ ಇದೆಯಲ್ಲ ಎಂದು ನನಗೆ ತಡೆಯಲಾರದ ಕೋಪ. ಚಿಕ್ಕಪ್ಪ ದಾರಿಯುದ್ದಕ್ಕೂ, "ಏನಾಗಿರಲ್ಲ ಪುಟ್ಟಿ, ಏನಾಗಿರಲ್ಲ" ಎನ್ನುತ್ತಿದ್ದ. ಸಿಗ್ನಲ್ಲು ಕೆಂಪಿದ್ದರೂ ಸ್ಕೂಟರು ನಿಲ್ಲಿಸಲಿಲ್ಲ.

ಮಲ್ಲತ್ತಹಳ್ಳಿ ಕೆರೆ ಏರಿಯ ಮೇಲೆ ಅಪ್ಪ ಕೂತಿದ್ದ. ನೀರಿಗೆ ಮುಖ ಮಾಡಿ, ಮಂಡಿಗೆ ಕೈ ಸುತ್ತಿ, ಪೂರ್ತಿ ನೆನೆದು. ಪಾದಗಳು ಒಡೆದು ಕೆಂಪಾಗಿದ್ದವು. ಕೆರೆಯ ಮೇಲೆ ಆಕಾಶ, ಬೂದು ಬಣ್ಣದ್ದೇ ಆದರೂ ನಮ್ಮ ನಡುಮನೆಗಿಂತ ಎಷ್ಟೋ ಬೆಳ್ಳಗಿತ್ತು. ಚಿಕ್ಕಪ್ಪ ಸ್ಕೂಟರನ್ನು ಹಾಗೇ ಬೀಳಿಸಿ ಓಡಿದ. ಅಣ್ಣನನ್ನು ಹಿಂದಿನಿಂದ ಎರಡು ಕೈಯಲ್ಲಿ ಬಾಚಿ ತಬ್ಬಿಕೊಂಡು ಹಾಗೇ ಕೂತುಬಿಟ್ಟ. ನಾನು ಅಪ್ಪನಿಗೂ ನೀರಿಗೂ ನಡುವೆ ಹೋಗಿ ನಿಂತೆ.

ಅಪ್ಪ ನನ್ನನ್ನು ನೋಡಿ, "ನೆಂದೋಗ್ತೀಯ, ನಡಿ" ಎಂದ.

ಅದೇ ದಿನ ಅವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಕೆಲವು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಮಾತ್ರೆ ಬದಲಾಯಿಸಿದರು. ರಾತ್ರಿ ನಿದ್ದೆ ಇಲ್ಲ ಎಂದು ಅಮ್ಮ ಹೇಳಿದಾಗ ಡಾಕ್ಟರು ತಲೆಯೆತ್ತಿ, "ಲೈಟು ಎಷ್ಟು ಹೊತ್ತಿಗೆ ಹಾಕ್ತಾ ಇದೀರ?" ಎಂದು ಕೇಳಿದರು.

"ದೀಪ ಹಚ್ಚೋ ಹೊತ್ತಲ್ಲಿ ಮೇಡಂ."

ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. "ನಾನೇ ಒತ್ತಿ ಹೇಳ್ಬೇಕಿತ್ತು," ಎಂದರು. "ದೇಹಕ್ಕೆ ಒಂದು ಗಡಿಯಾರ ಇದೆಯಮ್ಮ. ಕಣ್ಣಿಗೆ ಬೆಳಕು ಬಿದ್ರೆ ಅದು ಬೆಳಗಾಯ್ತು ಅಂದ್ಕೊಳ್ಳುತ್ತೆ. ನೀವು ರಾತ್ರಿ ಆಗೋ ಹೊತ್ತಿಗೆ ಅದಕ್ಕೆ ಬೆಳಗಾಯ್ತು ಅಂತ ಹೇಳಿದೀರ. ನಿದ್ದೆ ಮುಂದಕ್ಕೆ ಹೋಗಿದೆ. ಇರೋ ಕಾಯಿಲೆ ಜೊತೆಗೆ ನಿದ್ದೆಗೇಡು ಬೇರೆ. ಬೆಳಿಗ್ಗೆ ಹಾಕಿ. ಎದ್ದ ತಕ್ಷಣ. ಎದುರಿಗೆ ಕೂತು ತಿಂಡಿ ತಿನ್ನಲಿ, ಪೇಪರ್ ಓದಲಿ, ಲೈಟನ್ನೇ ದಿಟ್ಟಿಸಿ ನೋಡೋದು ಬೇಡ. ಒಬ್ಬರನ್ನೇ ಬಿಡಬೇಡಿ."

ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ಅಮ್ಮ ಸ್ವಿಚ್ಚಿನ ಬಳಿ ಹೋಗಿ ನಿಂತು ಅಜ್ಜಿಯ ಕಡೆ ನೋಡಿದಳು. ಜಗಳಕ್ಕೆ ಸಿದ್ಧಳಾಗಿ ಸೆರಗು ಬಿಗಿದಿದ್ದಳು. ಅಜ್ಜಿ ಏನೂ ಹೇಳಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಕೂತಳು. ಹಗಲು ದೀಪ ಉರಿಯುವುದನ್ನು ನೋಡಲಾರೆ ಎಂದೋ ಏನೋ, ಅಪ್ಪನ ಅರ್ಧ ಗಂಟೆ ಮುಗಿಯುವವರೆಗೆ ದಿನವೂ ಅಲ್ಲೇ ಕೂರುತ್ತಿದ್ದಳು.

ಪವಾಡವೇನೂ ನಡೆಯಲಿಲ್ಲ. ದಿನಾ ಬೆಳಿಗ್ಗೆ ಅಪ್ಪನನ್ನು ಎಬ್ಬಿಸಿ, ಮುಖ ತೊಳೆಸಿ, ಪೆಟ್ಟಿಗೆಯ ಮುಂದೆ ಕೂರಿಸಿ ನಾನೂ ಪಕ್ಕದಲ್ಲಿ ಕೂತು ಕಾಲೇಜಿನ ಪುಸ್ತಕ ಓದುತ್ತಿದ್ದೆ. ಚೋಕುಗಳ ಸದ್ದಿನ ನಡುವೆ ಅವನ ಉಸಿರು ಕೇಳಿಸುತ್ತಿದೆಯೇ ಎಂದು ಕಿವಿ ಇಟ್ಟಿರುತ್ತಿದ್ದೆ. ಉಸಿರು ಕೇಳಿಸದಿದ್ದರೆ ಪುಟ ಮಗುಚುವ ನೆಪದಲ್ಲಿ ಅವನ ಮೊಣಕೈ ಮುಟ್ಟುತ್ತಿದ್ದೆ. ಹೀಗೇ ಎಷ್ಟೋ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪ ಉಪ್ಪಿಟ್ಟಿನ ತಟ್ಟೆಯನ್ನು ಸ್ವಲ್ಪ ದೂರ ಸರಿಸಿ, "ಉಪ್ಪೇ ಹಾಕಿಲ್ವಲ್ಲೇ" ಎಂದ. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. "ಏನಂದ್ರಿ? ಇನ್ನೊಂದ್ಸಲ ಹೇಳ್ರಿ" ಎಂದು ನಿಂತಳು. ಅವನಿಗೆ ಗಾಬರಿಯಾಗಿ, "ಇಲ್ಲ ಬಿಡು, ಸರಿಯಾಗೇ ಇದೆ" ಎಂದುಬಿಟ್ಟ. ನಾನು ಪುಸ್ತಕದ ಹಿಂದೆ ಮುಖ ಇಟ್ಟುಕೊಂಡು ಅತ್ತೆ.

ಮತ್ತೆ ತೋರಿಸಲು ಹೋದಾಗ ಚಿಕ್ಕಪ್ಪ, "ನಮ್ಮ ಲೈಟು ಕೆಲಸ ಮಾಡ್ತು ನೋಡಿ ಮೇಡಂ" ಎಂದು ಎದೆಯುಬ್ಬಿಸಿದ. ಡಾಕ್ಟರು ನಕ್ಕು, "ಮಾತ್ರೆಯೂ ಕೆಲಸ ಮಾಡಿದೆ, ಮೋಡವೂ ಸರೀತಾ ಇದೆ. ಯಾವುದರಿಂದ ಎಷ್ಟು ಅಂತ ನಾನು ಹೇಳಲಾರೆ. ಮುಂದಿನ ವರ್ಷ ಮಳೆಗೆ ಮುಂಚೆನೇ ಬನ್ನಿ" ಎಂದರು. ಅಂದಿನಿಂದ ಪ್ರತಿ ವರ್ಷ ಹೋದೆವು. ಆ ಒಂದು ವರ್ಷದ ಹಾಗೆ ಮತ್ತೆ ಯಾವ ವರ್ಷವೂ ಆಗಲಿಲ್ಲ.

ಆ ವರ್ಷದ ಪಿತೃಪಕ್ಷ ಬಂತು. ಅಮಾವಾಸ್ಯೆಯ ದಿನ ಅಜ್ಜಿ ಯಾರಿಗೂ ಬಿಡದೆ ತಾನೇ ಅಡುಗೆಗೆ ನಿಂತಳು. ಕೋಳಿ ಸಾರು, ಮುದ್ದೆ, ವಡೆ, ಕಜ್ಜಾಯ, ಹೊಸ ಪಂಚೆ, ಒಂದು ಕಟ್ಟು ಬೀಡಿ. ನಡುಮನೆಯಲ್ಲಿ ಬಾಳೆ ಎಲೆ ಹಾಸಿ ಎಡೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ, ಎಲ್ಲರೂ ಅಡ್ಡಬಿದ್ದೆವು. ಹಿರಿಯರು ಬಂದು ಊಟ ಮಾಡುವಾಗ ಮನೆಯವರು ನೋಡಬಾರದು. ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಬಂದು ಜಗುಲಿಯ ಮೇಲೆ ಕೂತೆವು. ಸಂಜೆಯ ಎಳೆ ಬಿಸಿಲಿತ್ತು. ಬಹಳ ದಿನಗಳ ಮೇಲೆ ನೆಲ ಒಣಗಿತ್ತು.

ಅಜ್ಜಿ ಅಪ್ಪನ ಕೈ ತನ್ನ ಮಡಿಲಲ್ಲಿ ಇಟ್ಟುಕೊಂಡು ಸವರುತ್ತಿದ್ದಳು. "ಕೊನೆಗೂ ಬಿಟ್ಟುಕೊಟ್ರು ಕಣಪ್ಪ. ಕೆರೆತಂಕ ಕರ್ಕೊಂಡು ಹೋದೋರು ನನ್ ಮುಖ ನೋಡಿ ಬಿಟ್ಟುಕೊಟ್ರು."

ಅಪ್ಪ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಆದರೆ ಅವನು ತಿಂಗಳುಗಟ್ಟಲೆ ಸುಮ್ಮನಿದ್ದು ಈಗಷ್ಟೇ ಮಾತಿಗೆ ಮರಳಿದವನು, ಸುಳ್ಳು ಹೇಳುವಷ್ಟು ಇನ್ನೂ ಚೇತರಿಸಿಕೊಂಡಿರಲಿಲ್ಲ.

"ಅಪ್ಪ ಕರೀಲಿಲ್ಲ ಕಣವ್ವ," ಎಂದ. "ನೀನು ದಿನಾ ಹೇಳ್ತಿದ್ದೆಯಲ್ಲ, ಕರೀತಾನೆ, ಕರೀತಾನೆ ಅಂತ. ನಾನೂ ಕರೀತಾನೇನೋ ಅಂತ್ಲೇ ಹೋಗಿದ್ದು. ಅಪ್ಪ ಸಿಕ್ತಾನೆ ಅಂತ. ಏರಿ ಮೇಲೆ ಕೂತು ಎಷ್ಟೋ ಹೊತ್ತು ಕಾದೆ. ಯಾರೂ ಬರ್ಲಿಲ್ಲ. ಅಲ್ಲಿ ಯಾರೂ ಇರ್ಲಿಲ್ಲ ಕಣವ್ವ. ಬರೀ ನೀರಿತ್ತು."

ಅಜ್ಜಿಯ ಕೈ ನಿಂತಿತು. ಬೀದಿಯಲ್ಲಿ ಯಾರೋ ಕ್ರಿಕೆಟ್ ಆಡುತ್ತಿದ್ದರು. ಚೆಂಡು ನಮ್ಮ ಗೇಟಿಗೆ ಬಂದು ಬಡಿಯಿತು. ಅಮ್ಮ ಎದ್ದು ಹೋಗಿ ಎಸೆದು ಬಂದಳು.

"ಅಂಗಾರೆ ಅವ್ರನ್ನ?" ಎಂದಳು ಅಜ್ಜಿ.

ಅಪ್ಪ ಅವಳ ಕಡೆ ತಿರುಗಿದ.

"ಅವ್ರನ್ನ ಯಾರು ಕರುದ್ರು?"

"ಅಪ್ಪನ್ನೂ ಯಾರೂ ಕರ್ದಿರಲ್ಲ ಕಣವ್ವ. ನನಗೆ ಬಂದಿದ್ದೇ ಅವನಿಗೂ ಬಂದಿರುತ್ತೆ. ಕತ್ಲೆ ಕವ್ಕೊಳ್ಳುತ್ತೆ, ಅಷ್ಟೆ. ಯಾರೂ ಕಾಣ್ಸಲ್ಲ. ನೀನೂ ಕಾಣ್ಸಿರಲ್ಲ, ನಾವೂ ಕಾಣ್ಸಿರಲ್ಲ."

ಅಜ್ಜಿ ಬೀದಿಯ ಕಡೆ ಮುಖ ತಿರುಗಿಸಿದಳು. ಆಮೇಲೆ ನಮ್ಮಲ್ಲಿ ಯಾರನ್ನೂ ಅಲ್ಲದೆ ಕೇಳಿದಳು. "ಆವತ್ತು ನಾನೊಂದು ದೀಪ ಹಚ್ಚಿ ಮುಂದಿಟ್ಟಿದ್ರೆ ಉಳೀತಿದ್ರೇನೋ."

"ಆಗ ನಮ್ಮೂರಿಗೆ ಕರೆಂಟೇ ಬಂದಿರ್ಲಿಲ್ಲ ಕಣವ್ವ," ಎಂದ ಅಪ್ಪ. ಸಮಾಧಾನ ಮಾಡಬೇಕೆಂದೇ ಹೇಳಿದ್ದು. ಅವಳು ತಲೆಯಾಡಿಸಿದಳು, ಒಪ್ಪಿಕೊಂಡಂತೆ ಕಾಣಲಿಲ್ಲ.

ಹೊತ್ತಾಗುತ್ತಾ ಬಂತು. ಎಡೆ ಇಟ್ಟ ಮನೆಯ ಬಾಗಿಲನ್ನು ಪ್ರತಿ ವರ್ಷವೂ ಅಜ್ಜಿಯೇ ತೆರೆಯುವುದು. ಒಳಗಿರುವವರಿಗೆ ಗೊತ್ತಾಗಲಿ ಎಂದು ಮೊದಲು ಕೆಮ್ಮಿ, ಬಾಗಿಲು ತಟ್ಟಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಮೆಲ್ಲಗೆ ತಳ್ಳುತ್ತಿದ್ದಳು. ಆವತ್ತು ನಾವೆಲ್ಲ ಎದ್ದು ನಿಂತರೂ ಅವಳು ಏಳಲಿಲ್ಲ.

"ನೀನೇ ತೆಗಿಯವ್ವ," ಎಂದಳು ನನಗೆ.

ನಾನು ಹೋಗಿ ಬಾಗಿಲ ಮುಂದೆ ನಿಂತು ತಟ್ಟಲು ಕೈ ಎತ್ತಿದೆ.

"ಯಾಕೆ ತಟ್ಟೀಯೆ," ಎಂದಳು ಅಜ್ಜಿ ಹಿಂದಿನಿಂದ. "ಒಳಗ್ಯಾರವ್ರೆ?"